ಕೊಲೊಸ್ಟಮಿ: ಸ್ಪಂಜಿನಿಂದ ಬಿರಡೆಯವರೆಗೆ

ದೊಡ್ಡ ಕರುಳನ್ನು ಹೊಟ್ಟೆಯ ಚರ್ಮದವರೆಗೆ ತಂದು ಹೊಲಿದು, ಮಲಕ್ಕೆ ಹೊಸ ದಾರಿ ಮಾಡುವ ಶಸ್ತ್ರಚಿಕಿತ್ಸೆ ಕೊಲೊಸ್ಟಮಿ. ಆ ಬಾಯಿಗೆ ಸ್ಟೋಮಾ ಎಂದು ಹೆಸರು. ಗುದದ್ವಾರಕ್ಕಿರುವ ಬಿಗಿಯುವ ಸ್ನಾಯು ಅದಕ್ಕಿಲ್ಲ; ಹಾಗಾಗಿ ಮಲ ತಡೆಯುವುದು ರೋಗಿಯ ಕೈಲಿರುವುದಿಲ್ಲ. ಜೀವ ಉಳಿಸುವ ಈ ವಿದ್ಯೆ ಹದಿನೆಂಟನೆಯ ಶತಮಾನದಲ್ಲೇ ಕೈಗೂಡಿತು. ಉಳಿದ ಜೀವಕ್ಕೆ ನೆಮ್ಮದಿ ಸಿಗಲು ಬಹಳ ಕಾಲ ಹಿಡಿಯಿತು.

1776ರಲ್ಲಿ ಫ್ರಾನ್ಸಿನ ರೂಆನ್ ಪಟ್ಟಣದ ವೈದ್ಯ ಪಿಲೋರ್, ಕರುಳು ಕಟ್ಟಿಹೋಗಿದ್ದ ಮದ್ಯ ವ್ಯಾಪಾರಿಯೊಬ್ಬನಿಗೆ ಇಂಥ ಬಾಯಿ ಮಾಡಿದ. ಮಲ ತಡೆಯಲು ಪಟ್ಟಿಯಿಂದ ಬಿಗಿದ ಸ್ಪಂಜು ಇಟ್ಟ. ರೋಗಿ ಬದುಕಿದ್ದು 28 ದಿನ. 1793ರಲ್ಲಿ ಬ್ರೆಸ್ಟ್‌ನಲ್ಲಿ ಡ್ಯೂರೆ, ಗುದದ್ವಾರವಿಲ್ಲದೆ ಹುಟ್ಟಿದ ಹಸುಗೂಸಿಗೆ ಇದೇ ಚಿಕಿತ್ಸೆ ಮಾಡಿದ. ಆ ಮಗು ಬೆಳೆದು 45 ವರ್ಷ ಬಾಳಿತು.

ಇಪ್ಪತ್ತನೆಯ ಶತಮಾನದ ಮಧ್ಯದವರೆಗೂ ಬಟ್ಟೆ, ಹತ್ತಿ, ಬೆಲ್ಟು, ರಬ್ಬರ್ ಚೀಲಗಳೇ ಗತಿ. ದಾರಿ ತೆರೆದದ್ದು ರೋಗಿಗಳ ಪಾಡನ್ನು ಹತ್ತಿರದಿಂದ ಕಂಡವರು. ಡೆನ್ಮಾರ್ಕಿನ ನರ್ಸ್ ಎಲಿಸೆ ಸೋರೆನ್ಸೆನ್ ಅವರ ತಂಗಿ ಶಸ್ತ್ರಚಿಕಿತ್ಸೆಯ ಬಳಿಕ ಸೋರಿಕೆಗೆ ಅಂಜಿ ಮನೆಯಿಂದಾಚೆ ಹೋಗುವುದನ್ನೇ ಬಿಟ್ಟಿದ್ದರು. ಚರ್ಮಕ್ಕೆ ಅಂಟುವ, ಬಳಸಿ ಎಸೆಯುವ ಪ್ಲಾಸ್ಟಿಕ್ ಚೀಲ ಸೋರೆನ್ಸೆನ್ ಅವರಿಗೆ ಹೊಳೆದದ್ದು 1954ರಲ್ಲಿ. ಅದನ್ನು ತಯಾರಿಸಲು 1957ರಲ್ಲಿ ಕೊಲೊಪ್ಲಾಸ್ಟ್ ಕಂಪನಿ ಹುಟ್ಟಿತು. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಡಾ. ರೂಪರ್ಟ್ ಟರ್ನ್‌ಬುಲ್ ಸ್ಟೋಮಾದ ಸುತ್ತಲ ಚರ್ಮ ಹುಣ್ಣಾಗದಂತೆ ಕರಾಯ ಗೋಂದು ಬಳಸಿದರು. ಅದು ಭಾರತದ ಒಣಕಾಡಿನ ಮರವೊಂದರ ಅಂಟು. ಸ್ವತಃ ಸ್ಟೋಮಾ ಇದ್ದ ನಾರ್ಮಾ ಗಿಲ್ ಅವರನ್ನು 1958ರಲ್ಲಿ ರೋಗಿಗಳ ಆರೈಕೆಗೆ ನೇಮಿಸಿದವರೂ ಅವರೇ.

ಚೀಲ ಹಿಡಿದಿಡುತ್ತದೆ, ತಡೆಯುವುದಿಲ್ಲ. ತಡೆಯುವ ಯತ್ನಗಳಲ್ಲಿ ಅತಿ ಸಾಹಸದ್ದು 1975ರಲ್ಲಿ ಜರ್ಮನಿಯ ಎರ್ಲಾಂಗೆನ್‌ನಿಂದ ವರದಿಯಾಯಿತು: ಸ್ಟೋಮಾದ ಸುತ್ತ ಚರ್ಮದಡಿ ಅಯಸ್ಕಾಂತದ ಬಳೆ ಹುದುಗಿಸಿ, ಮೇಲೆ ಅಯಸ್ಕಾಂತದ್ದೇ ಮುಚ್ಚಳ. ಸೋಂಕು, ಚರ್ಮ ಕೊಳೆಯುವಿಕೆ, ಸೋರಿಕೆಗಳಿಂದಾಗಿ ಅದು ಮೂಲೆಗೆ ಸರಿಯಿತು. 1986ರಲ್ಲಿ ಡೆನ್ಮಾರ್ಕಿನಿಂದಲೇ ಬಂದ ಬಿರಡೆ ಹೆಚ್ಚು ಸರಳ. ನೀರಿನಲ್ಲಿ ಕರಗುವ ಪೊರೆಯೊಳಗೆ ಒತ್ತಿಟ್ಟ ಮೃದು ಫೋಮ್ ಅದು. ಒಳಸೇರಿಸಿದಾಗ ತೇವಕ್ಕೆ ಪೊರೆ ಕರಗಿ, ಫೋಮ್ ಅರಳಿ ಬಾಯಿ ಮುಚ್ಚುತ್ತದೆ. ವಾಯು ಮಾತ್ರ ಫಿಲ್ಟರಿನ ಮೂಲಕ ವಾಸನೆಯಿಲ್ಲದೆ ಹೊರಬೀಳುತ್ತದೆ. ಕೆಲವು ಗಂಟೆಗಳ ಮಟ್ಟಿಗೆ ಚೀಲವೇ ಬೇಡ. ಆದರೆ ಮಲ ತೆಳ್ಳಗಿದ್ದವರಿಗೆ ಇದು ಒಗ್ಗದು.

ಅಯಸ್ಕಾಂತ, ಬಿರಡೆ ಎರಡಕ್ಕಿಂತಲೂ ಹಳೆಯದು, ಉಗುರುಬೆಚ್ಚಗಿನ ನೀರನ್ನು ಸ್ಟೋಮಾದ ಮೂಲಕ ಹಾಯಿಸಿ ಕರುಳನ್ನು ಒಮ್ಮೆಲೇ ಬರಿದು ಮಾಡುವ ಕ್ರಮ. ಮೊದಲು ಬಳಸುತ್ತಿದ್ದ ರಬ್ಬರ್ ನಳಿಕೆ ಕರುಳನ್ನೇ ತೂತು ಮಾಡುವ ಅಪಾಯವಿತ್ತು. ಶಂಕುವಿನಾಕಾರದ ಮೃದು ತುದಿ ಬಂದು ಆ ಭಯ ಬಹುಮಟ್ಟಿಗೆ ನೀಗಿತು. ದಿನಕ್ಕೊಮ್ಮೆಯೋ ಎರಡು ದಿನಕ್ಕೊಮ್ಮೆಯೋ ಸುಮಾರು ಒಂದು ಗಂಟೆ ಬೇಡುವ ಈ ಕ್ರಮ ಎಡಭಾಗದ ಕೊಲೊಸ್ಟಮಿಯವರಿಗೆ ಇಂದಿಗೂ ಬಳಕೆಯಲ್ಲಿದೆ.