ಕಾಣದ ಗದ್ಯಭಾಗಕ್ಕೆ ತಯಾರಿ ಹೇಗೆ?

ಹತ್ತನೆಯ ತರಗತಿಯ ಪರೀಕ್ಷೆ ಹತ್ತಿರ ಬಂತೆಂದರೆ ಹಳ್ಳಿ, ಪೇಟೆ ಎನ್ನದೆ ಮನೆಮನೆಯಿಂದ ಕೇಳಿಬರುವ ಒಂದು ರಾಗವಿದೆ. ರಜೆ ಕೋರಿ ಮುಖ್ಯೋಪಾಧ್ಯಾಯರಿಗೆ ಬರೆಯುವ ಇಂಗ್ಲಿಷ್ ಪತ್ರ, ಗ್ರಂಥಾಲಯದ ಉಪಯೋಗಗಳನ್ನು ಕುರಿತ ಪ್ರಬಂಧ, ಎರಡೂ ಮಗ್ಗಿಯಂತೆ ಬಾಯಿಪಾಠವಾಗುತ್ತಿರುತ್ತವೆ. ಪತ್ರ, ಪ್ರಬಂಧಗಳ ಮಾತು ಹೇಗೋ ಆಯಿತು. ಆದರೆ ಎಂದೂ ಕಂಡಿರದ ಗದ್ಯಭಾಗವೊಂದನ್ನು ಮುಂದಿಟ್ಟು, ಓದಿ ಉತ್ತರಿಸಿ ಎಂದರೆ ಉರು ಹೊಡೆಯುವುದಾದರೂ ಏನನ್ನು? ಈ ಪೇಚಾಟ ಇಂದು ನಿನ್ನೆಯದಲ್ಲ.

1835ರಲ್ಲಿ ಮೆಕಾಲೆಯ ಟಿಪ್ಪಣಿ ಬಂದದ್ದು ಎಲ್ಲರಿಗೂ ಗೊತ್ತು. ಅದಕ್ಕಿಂತ ಜನರ ಹೊಟ್ಟೆಪಾಡಿಗೆ ಹತ್ತಿರವಾದದ್ದು 1844ರಲ್ಲಿ ಗವರ್ನರ್ ಜನರಲ್ ಹಾರ್ಡಿಂಜ್ ಹೊರಡಿಸಿದ ನಿರ್ಣಯ. ಇಂಗ್ಲಿಷ್ ಶಿಕ್ಷಣ ಪಡೆದವರಿಗೆ ಸರ್ಕಾರಿ ನೌಕರಿಯಲ್ಲಿ ಆದ್ಯತೆ ಎಂದು ಅದು ಸಾರಿತು. ಹದಿಮೂರು ವರ್ಷಗಳ ನಂತರ, 1857ರಲ್ಲಿ, ಕಲ್ಕತ್ತಾ, ಮುಂಬಯಿ ಮತ್ತು ಮದ್ರಾಸುಗಳಲ್ಲಿ ವಿಶ್ವವಿದ್ಯಾಲಯಗಳು ಹುಟ್ಟಿದವು. ಆರಂಭದಲ್ಲಿ ಅವು ಪಾಠ ಹೇಳುವ ಸಂಸ್ಥೆಗಳಾಗಿರಲಿಲ್ಲ. ಪರೀಕ್ಷೆ ನಡೆಸಿ ಪದವಿ ಕೊಡುವ ಕಚೇರಿಗಳಾಗಿದ್ದವು. ಅವುಗಳ ಹೊಸ್ತಿಲಲ್ಲಿ ಕುಳಿತದ್ದೇ ಮೆಟ್ರಿಕ್ಯುಲೇಷನ್ ಪರೀಕ್ಷೆ. ಮೈಸೂರು, ಬಳ್ಳಾರಿ, ಮಂಗಳೂರುಗಳ ಹುಡುಗರು ಮದ್ರಾಸಿನ ಪ್ರಶ್ನೆಪತ್ರಿಕೆಗೆ ಉತ್ತರ ಬರೆದರೆ, ಧಾರವಾಡ, ಬೆಳಗಾವಿಗಳ ಹುಡುಗರು ಮುಂಬಯಿಯದಕ್ಕೆ ಬರೆದರು. ಮೈಸೂರಿಗೆ ಸ್ವಂತ ವಿಶ್ವವಿದ್ಯಾಲಯ ಬಂದದ್ದು 1916ರಲ್ಲಿ.

ಒಂದು ಸಂಗತಿ ಗಮನಾರ್ಹ. ಕಲ್ಕತ್ತಾದಲ್ಲಿ ಮೊದಲ ಕೆಲವು ವರ್ಷ ಇತಿಹಾಸ, ಭೂಗೋಳ, ಗಣಿತಗಳಿಗೆ ದೇಶಭಾಷೆಯಲ್ಲೂ ಉತ್ತರ ಬರೆಯಬಹುದಾಗಿತ್ತು. 1860ರ ದಶಕದ ಆರಂಭದಲ್ಲಿ ಆ ಕಿಂಡಿಯನ್ನು ಮುಚ್ಚಲಾಯಿತು. ಅಲ್ಲಿಂದ ಮುಂದೆ ಭೂಗೋಳದ ಪರೀಕ್ಷೆಯೂ ಒಂದು ಲೆಕ್ಕದಲ್ಲಿ ಇಂಗ್ಲಿಷ್ ಪರೀಕ್ಷೆಯೇ ಆಯಿತು. ಗಂಗೆ ಎಲ್ಲಿ ಹುಟ್ಟುತ್ತದೆಂದು ತಿಳಿದಿದ್ದರೆ ಸಾಲದು, ಅದನ್ನು ಇಂಗ್ಲಿಷಿನಲ್ಲಿ ಹೇಳಲೂ ಬರಬೇಕು.

ಇಷ್ಟು ದೊಡ್ಡ ಗಂಡಾಂತರ ಎದುರಿಗಿದ್ದಾಗ ಮಕ್ಕಳು ಮಾಡಿದ್ದೇನು? ಬಾಯಿಪಾಠ. ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಅಮರಕೋಶವನ್ನು ಒಪ್ಪಿಸುತ್ತ ಬೆಳೆದ ಮನೆಗಳಿಗೆ ಅದು ಒಗ್ಗಿದ ವಿದ್ಯೆ. ನಿಗದಿಯಾದ ಇಂಗ್ಲಿಷ್ ಪಠ್ಯಕ್ಕೆ ‘ಕೀ’ ಎಂಬ ಅರ್ಥಪುಸ್ತಕಗಳು ಬಂದವು. ಅವೇ ಇಂದಿನ ಗೈಡುಗಳ ಮುತ್ತಜ್ಜ. ಪಠ್ಯ ಓದದೆ ಕೀ ಓದಿದರೂ ಪಾಸಾಗಬಹುದು ಎಂಬ ಗುಟ್ಟು ಬೇಗ ಬಯಲಾಯಿತು.

ಲಾರ್ಡ್ ಕರ್ಜನ್‌ಗೆ ಇದನ್ನು ಕಂಡರೆ ಆಗುತ್ತಿರಲಿಲ್ಲ. 1902ರಲ್ಲಿ ಆತ ನೇಮಿಸಿದ ವಿಶ್ವವಿದ್ಯಾಲಯಗಳ ಆಯೋಗ, ಪ್ರವೇಶ ಪರೀಕ್ಷೆಗೆ ಇಂಗ್ಲಿಷ್ ಪಠ್ಯಪುಸ್ತಕವನ್ನು ಗೊತ್ತುಮಾಡುವುದನ್ನೇ ನಿಲ್ಲಿಸಿ ಎಂದು ಸಲಹೆ ಮಾಡಿತು. ಪಠ್ಯವೇ ಇಲ್ಲದಿದ್ದರೆ ಕಂಠಪಾಠ ಎಲ್ಲಿಂದ ಬರಬೇಕು ಎಂಬುದು ಅದರ ತರ್ಕ. ಕಾಣದ ಗದ್ಯಭಾಗದ ಹಿಂದಿರುವುದೂ ಇದೇ ತರ್ಕ. ತರ್ಕವೇನೋ ಚೆನ್ನಾಗಿದೆ. ಆದರೆ ಕಾಣದ ಗದ್ಯಭಾಗಗಳ ಸಂಗ್ರಹವನ್ನೇ ಉತ್ತರ ಸಮೇತ ಅಚ್ಚುಹಾಕಿ ಮಾರಬಹುದೆಂಬುದು ಪ್ರಕಾಶಕರಿಗೆ ಹೊಳೆಯದೇ ಇದ್ದೀತೇ?

ವ್ಯಾಕರಣದ್ದು ಬೇರೆಯೇ ದರ್ಬಾರು. ಉತ್ತರ ಭಾರತದ ಶಿಕ್ಷಣ ಇಲಾಖೆಯಲ್ಲಿದ್ದ ನೆಸ್‌ಫೀಲ್ಡ್ 1890ರ ದಶಕದಲ್ಲಿ ಹೊರತಂದ ವ್ಯಾಕರಣ ಮಾಲೆಯನ್ನು ಮೂರು ತಲೆಮಾರು ಓದಿತು. ನಂತರ 1930ರ ದಶಕದಲ್ಲಿ ಬಂದದ್ದು ‘ರೆನ್ ಅಂಡ್ ಮಾರ್ಟಿನ್’. ಅದು ಈಗಲೂ ಅಂಗಡಿಗಳಲ್ಲಿದೆ. ಈ ರೆನ್ ಮಹಾಶಯ ಬೇರೆ ಯಾರೂ ಅಲ್ಲ, ಫ್ರೆಂಚ್ ವಿದೇಶಿ ಸೈನ್ಯದ ಸಾಹಸಗಳನ್ನು ಹೇಳುವ ‘ಬೋ ಜೆಸ್ಟ್’ ಕಾದಂಬರಿಯ ಕರ್ತೃ! ಮರುಭೂಮಿಯ ಯುದ್ಧಗಳನ್ನು ರೋಚಕವಾಗಿ ಬರೆದವರ ಹೆಸರು ನಮ್ಮ ಮಕ್ಕಳಿಗೆ ಕರ್ಮಣಿ ಪ್ರಯೋಗದ ಹೆದರಿಕೆಯಾಗಿ ಉಳಿದದ್ದು ವಿಚಿತ್ರವೇ.

ಇಂಥ ಪರೀಕ್ಷೆ ನಿಜಕ್ಕೂ ಏನನ್ನು ಅಳೆಯುತ್ತಿತ್ತು? ಇಬ್ಬರ ಕಥೆ ನೋಡಿ. 1904ರಲ್ಲಿ ಕುಂಭಕೋಣದ ಸರ್ಕಾರಿ ಕಾಲೇಜಿಗೆ ವಿದ್ಯಾರ್ಥಿವೇತನ ಪಡೆದು ಸೇರಿದ ಹುಡುಗನೊಬ್ಬ ಗಣಿತ ಬಿಟ್ಟು ಉಳಿದದ್ದನ್ನು ಓದಲೇ ಇಲ್ಲ. ಇಂಗ್ಲಿಷ್ ಪ್ರಬಂಧ ಪತ್ರಿಕೆಯಲ್ಲಿ ನಪಾಸಾದ. ವಿದ್ಯಾರ್ಥಿವೇತನ ಹೋಯಿತು, ಹುಡುಗ ಮನೆ ಬಿಟ್ಟು ವಿಶಾಖಪಟ್ಟಣದ ಕಡೆಗೆ ಹೋದ. ಮುಂದೆ ಮದ್ರಾಸಿನ ಪಚ್ಚಯ್ಯಪ್ಪ ಕಾಲೇಜು ಸೇರಿದರೂ ಎಫ್.ಎ. ಪರೀಕ್ಷೆ ದಾಟಲಿಲ್ಲ. ಆತ ಶ್ರೀನಿವಾಸ ರಾಮಾನುಜನ್. 1918ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವರನ್ನು ಫೆಲೋ ಆಗಿ ಆರಿಸಿತು.

ಎರಡನೆಯದು ನಮ್ಮ ಮೈಸೂರಿನದೇ. ತಂದೆ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರು, ಮನೆತುಂಬ ಇಂಗ್ಲಿಷ್ ಪುಸ್ತಕ. ಮಗ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ನಪಾಸು, ಅದೂ ಇಂಗ್ಲಿಷಿನಲ್ಲಿ. ಒಂದು ವರ್ಷ ಮನೆಯಲ್ಲಿ ಕೂರಬೇಕಾಯಿತು. ಆ ವರ್ಷ ಆತ ಯಾವ ಗೈಡನ್ನೂ ಉರು ಹೊಡೆಯಲಿಲ್ಲ. ಮನಸ್ಸಿಗೆ ಬಂದ ಕಾದಂಬರಿ, ಕವಿತೆಗಳನ್ನು ಓದಿಕೊಂಡಿದ್ದ. 1926ರಲ್ಲಿ ತೇರ್ಗಡೆಯಾಗಿ ಮಹಾರಾಜಾ ಕಾಲೇಜು ಸೇರಿದ. 1935ರಲ್ಲಿ ಪ್ರಕಟವಾದ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಬರೆದ ಆರ್.ಕೆ. ನಾರಾಯಣ್ ಇವರೇ.

ಇವರಿಬ್ಬರೂ ಹೇಗೋ ದಡ ಸೇರಿದರು. ಹಾಗೆ ಸೇರದೆ ‘ಮೆಟ್ರಿಕ್ ಫೇಲ್’ ಎಂಬ ಹಣೆಪಟ್ಟಿಯಲ್ಲೇ ಉಳಿದವರ ಬಗ್ಗೆ ತಲೆಕೆಡಿಸಿಕೊಂಡ ಒಬ್ಬ ಇಂಗ್ಲಿಷರಿದ್ದರು. ಹೆಸರು ಮೈಕೆಲ್ ವೆಸ್ಟ್, ಢಾಕಾದ ಶಿಕ್ಷಕರ ತರಬೇತಿ ಕಾಲೇಜಿನ ಪ್ರಾಂಶುಪಾಲರು. 1926ರಲ್ಲಿ ಬಂಗಾಳದ ಮಕ್ಕಳ ಕುರಿತು ಬರೆದ ಪುಸ್ತಕದಲ್ಲಿ ಅವರು ವಿಮಾ ಕಂಪೆನಿಯ ಮಾತೊಂದನ್ನು ಎರವಲು ಪಡೆದರು: ಸರೆಂಡರ್ ಮೌಲ್ಯ. ಪಾಲಿಸಿಯನ್ನು ನಡುವೆ ನಿಲ್ಲಿಸಿದರೆ ಕೈಗೆ ಎಷ್ಟು ಬರುತ್ತದೆ? ಹಾಗೆಯೇ, ಎರಡು ಮೂರು ವರ್ಷ ಇಂಗ್ಲಿಷ್ ಕಲಿತು ಶಾಲೆ ಬಿಟ್ಟ ಮಗುವಿನ ಕೈಯಲ್ಲಿ ಏನು ಉಳಿಯುತ್ತದೆ? ಅರ್ಧ ಕಲಿತ ವ್ಯಾಕರಣದಿಂದ ಏನೂ ಉಳಿಯದು. ಆದರೆ ಸರಳವಾದ ಪುಸ್ತಕವನ್ನು ತಾನೇ ಓದಿ ತಿಳಿಯುವ ಶಕ್ತಿ ಬಂದಿದ್ದರೆ ಅದು ಉಳಿಯುತ್ತದೆ ಎಂಬುದು ವೆಸ್ಟ್ ವಾದ. ಆದ್ದರಿಂದ ಓದು ಮೊದಲು, ಉಳಿದದ್ದು ಆಮೇಲೆ ಎಂದರು. ಆಯ್ದ ಪದಗಳಲ್ಲೇ ಕಥೆ ಹೇಳುವ, ಪುಟಕ್ಕಿಷ್ಟೇ ಹೊಸ ಪದಗಳಿರುವ ವಾಚಕಗಳನ್ನು ಸಿದ್ಧಪಡಿಸಿದರು. ನಮ್ಮ ಇಂಗ್ಲಿಷ್ ಪಾಠದ ಇತಿಹಾಸದಲ್ಲಿ ಇಷ್ಟು ಪ್ರಾಮಾಣಿಕವಾದ ಪ್ರಶ್ನೆ ಕೇಳಿದವರು ಕಡಿಮೆ ಎಂದೇ ಹೇಳಬೇಕು.

ಸ್ವಾತಂತ್ರ್ಯಾನಂತರ ವಾಕ್ಯರಚನೆಯ ಮಾದರಿಗಳನ್ನು ಮತ್ತೆ ಮತ್ತೆ ಹೇಳಿಸುವ ಪದ್ಧತಿ ಬಂತು. ‘ದಿಸ್ ಈಸ್ ಎ ಪೆನ್’ ಎಂದು ಇಡೀ ತರಗತಿ ಕೂಗಿದ್ದು ಹಲವರಿಗೆ ನೆನಪಿರಬಹುದು. ಅದನ್ನು ಪ್ರಶ್ನಿಸಿದ ಪ್ರಯೋಗ ನಡೆದದ್ದು ಬೆಂಗಳೂರಿನಲ್ಲಿ. ಮದ್ರಾಸಿನ ಬ್ರಿಟಿಷ್ ಕೌನ್ಸಿಲ್‌ನಲ್ಲಿದ್ದ ಎನ್.ಎಸ್. ಪ್ರಭು 1979ರಲ್ಲಿ ಇದನ್ನು ಆರಂಭಿಸಿದರು. ಮದ್ರಾಸಿನಂಥ ಬೇರೆ ಊರುಗಳ ಶಾಲೆಗಳಿಗೂ ಹಬ್ಬಿ 1984ರವರೆಗೆ ನಡೆದರೂ ಜಗತ್ತು ಅದನ್ನು ಗುರುತಿಸುವುದು ‘ಬೆಂಗಳೂರು ಯೋಜನೆ’ ಎಂದೇ. ವ್ಯಾಕರಣದ ಪಾಠವೇ ಇಲ್ಲ, ಬಾಯಿಪಾಠವೂ ಇಲ್ಲ. ಮಕ್ಕಳ ಮುಂದೆ ರೈಲಿನ ವೇಳಾಪಟ್ಟಿ ಇಡುವುದು. ಈ ಊರಿನಿಂದ ಬೆಳಿಗ್ಗೆ ಹೊರಟು ಮಧ್ಯಾಹ್ನದೊಳಗೆ ಆ ಊರು ಸೇರಬೇಕಾದರೆ ಯಾವ ಗಾಡಿ ಹತ್ತಬೇಕು? ಮೊದಲು ಮೇಷ್ಟ್ರೊಡನೆ ಇಡೀ ತರಗತಿ ಸೇರಿ ಒಂದನ್ನು ಬಿಡಿಸುತ್ತಿತ್ತು. ಆಮೇಲೆ ಅಂಥದೇ ಇನ್ನೊಂದನ್ನು ಪ್ರತಿ ಮಗುವೂ ತಾನೇ ಬಿಡಿಸಬೇಕು. ಅರ್ಥ ಹುಡುಕುತ್ತ ಹೋದರೆ ವ್ಯಾಕರಣ ತಾನಾಗಿ ಮೈಗೂಡುತ್ತದೆ ಎಂಬುದು ಪ್ರಭು ಅವರ ನಂಬಿಕೆ.

ಯೋಜನೆಯ ಕೊನೆಯಲ್ಲಿ ಅದಕ್ಕೂ ಪರೀಕ್ಷೆ ತಪ್ಪಲಿಲ್ಲ. ಬೆರೆಟ್ಟಾ ಮತ್ತು ಡೇವಿಸ್ ಎಂಬ ವಿದ್ವಾಂಸರು ಯೋಜನೆಯ ಮಕ್ಕಳನ್ನೂ ಹಳೆಯ ಪದ್ಧತಿಯ ಮಕ್ಕಳನ್ನೂ ಒಂದೇ ಪ್ರಶ್ನೆಪತ್ರಿಕೆಗಳಿಗೆ ಕೂರಿಸಿ, ಫಲಿತಾಂಶವನ್ನು 1985ರಲ್ಲಿ ಪ್ರಕಟಿಸಿದರು. ವಾಕ್ಯರಚನೆಯ ಪತ್ರಿಕೆಯಲ್ಲಿ ಹಳೆಯ ಪದ್ಧತಿಯವರು ಮುಂದು. ಕೆಲಸ ಬಿಡಿಸುವ ಪತ್ರಿಕೆಯಲ್ಲಿ ಯೋಜನೆಯವರು ಮುಂದು. ಇಬ್ಬರೂ ತಾವು ಕಲಿತದ್ದನ್ನೇ ಚೆನ್ನಾಗಿ ಬರೆದಿದ್ದರು. ಎರಡೂ ಬಣಕ್ಕೆ ಸೇರದ ಪತ್ರಿಕೆಗಳನ್ನೂ ಕೊಡಲಾಗಿತ್ತು. ಅಲ್ಲಿ ತಕ್ಕಡಿ, ಸ್ವಲ್ಪವೇ ಆದರೂ, ರೈಲಿನ ವೇಳಾಪಟ್ಟಿ ಓದಿದ ಮಕ್ಕಳ ಕಡೆಗೆ ವಾಲಿತು.