ಬಾರ್ಡರಲ್ಲೈತೆ

ಬಸ್ತಿಹಳ್ಳಿಯ ನಮ್ಮ ದೊಡ್ಡಮ್ಮ ಲ್ಯಾಬಿನ ಚೀಟಿ ಹಿಡಿದು ಬಂದು ಜಗುಲಿ ಮೇಲೆ ಕೂತರು. "ಶುಗರ್ರು ಬಾರ್ಡರಲ್ಲೈತಂತೆ ಕಣಪ್ಪ. ಇನ್ನೂ ಬಂದಿಲ್ವಂತೆ." ಚೀಟಿಯಲ್ಲಿ ಖಾಲಿ ಹೊಟ್ಟೆಯದು 118. ಅದು 126 ಮುಟ್ಟಿದರೆ ಕಾಯಿಲೆ, 100ರ ಒಳಗಿದ್ದರೆ ಚಿಂತೆಯಿಲ್ಲ. ಇವೆರಡರ ನಡುವೆ ಇರುವ ಜಾಗಕ್ಕೆ ಊರಲ್ಲೆಲ್ಲ ಒಂದೇ ಹೆಸರು, ಬಾರ್ಡರ್. ಇಂಗ್ಲಿಷಿನವರಿಗೆ ಅದು ಹೆಚ್ಚಾಗಿ ದಾಟುವ ಗೆರೆ. ನಮಗೆ ಅದೊಂದು ಊರು, ವರ್ಷಗಟ್ಟಲೆ ಬಿಡಾರ ಹೂಡಬಹುದು. ದೊಡ್ಡಮ್ಮ ಅವತ್ತೂ ಕಾಫಿಗೆ ಎರಡು ಚಮಚ ಸಕ್ಕರೆ ಹಾಕಿಸಿಕೊಂಡರು. ಬಾರ್ಡರಲ್ಲಿ ತಾನೆ ಇರೋದು!

ಈ ಪದ ನುಗ್ಗದ ಮನೆಯಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಪಾಸಿಗೆ ಬೇಕಾದಷ್ಟೇ ತೆಗೆದವನು ಬಾರ್ಡರ್ ಪಾಸ್. ರೆಡ್ ಆಕ್ಸೈಡ್ ನೆಲ ಹಾಕುವ ಗಾರೆ ಮೇಸ್ತ್ರಿ ಗೋಡೆಯ ಬುಡಕ್ಕೆ ನಾಲ್ಕು ಬೆರಳಗಲ ಕಪ್ಪು ಪಟ್ಟೆ ಎಳೆದು, "ಬಾರ್ಡರ್ ಒಣಗೋಗಂಟ ತುಳೀಬೇಡಿ" ಅನ್ನುತ್ತಾನೆ. ಅರಸೀಕೆರೆಯ ಸೀರೆ ಅಂಗಡಿಯಲ್ಲಿ "ದೊಡ್ಡ ಬಾರ್ಡರಾ, ಚಿಕ್ಕದಾ?" ಎಂದು ಕೇಳಿದ ಕೂಡಲೇ ನಮ್ಮ ಜೇಬಿನ ಆಳ ಅವರಿಗೆ ತಿಳಿದುಬಿಡುತ್ತದೆ. ತಮಾಷೆಯೆಂದರೆ, ಅದೇ ಸೀರೆ ಮನೆಗೆ ಬಂದು ನಾಲ್ಕು ಸಲ ಉಟ್ಟ ಮೇಲೆ ಬಾರ್ಡರ್ ಹೋಗಿ ಅಂಚಾಗುತ್ತದೆ. "ಅಂಚು ಕೆಸರಾಯ್ತದೆ, ಎತ್ತಿ ಸಿಗಿಸ್ಕೊಳ್ಳೇ." ಸೀರೆ ಹಳತಾಗಿ ನಡುಭಾಗ ಪಿಸಿದರೂ ಅಂಚು ಗಟ್ಟಿಯಾಗಿಯೇ ಇರುತ್ತದೆ, ಅದನ್ನು ಕತ್ತರಿಸಿ ಮೊಮ್ಮಗಳ ಲಂಗಕ್ಕೆ ಹಚ್ಚಿ ಹೊಲಿಯುತ್ತಾರೆ. ಇಳಕಲ್ಲಿನ ಕಡೆ ಇದಕ್ಕೆ ದಡಿ ಅನ್ನುತ್ತಾರೆ. ಹೊಳೆಗೆ ದಡವಿದ್ದಂತೆ ಸೀರೆಗೆ ದಡಿ. ನನಗೆ ಬಾರ್ಡರಿಗಿಂತಲೂ ಅಂಚಿಗಿಂತಲೂ ಇಷ್ಟವಾದ ಮಾತು ಅದು.

ಹೊಲಕ್ಕೆ ಮಾತ್ರ ಬಾರ್ಡರ್ ಇಳಿಯಲೇ ಇಲ್ಲ. ಅಲ್ಲಿರುವುದು ಬದು. ಬದುವಿಗೆ ಮೈಯಿದೆ: ಹುಲ್ಲು ಕೊಯ್ಯಬಹುದು, ಕರು ಕಟ್ಟಬಹುದು, ಪಕ್ಕದವನು ವರ್ಷಕ್ಕೊಂದು ಸಾಲು ನೇಗಿಲು ಒತ್ತಿ ತಿಂದುಹಾಕಲೂಬಹುದು. ಬದುವಿನ ಮೇಲೊಂದು ತೆಂಗಿನ ಮರವಿದ್ದರಂತೂ ಮುಗಿಯಿತು. ಕಾಯಿ ಯಾರ ಕಡೆ ಬಿತ್ತು, ಮರ ನೆಟ್ಟ ಅಜ್ಜ ಯಾರ ಅಜ್ಜ ಎಂಬಲ್ಲಿಂದ ಹಿಡಿದು ಸರ್ವೆಯವರು ಬಂದು ಬಾಂದುಕಲ್ಲು ಹುಡುಕುವವರೆಗೆ ಜಗಳ ಬೆಳೆಯುತ್ತದೆ. ಆ ಜಗಳದ ಬೈಗುಳದಲ್ಲೂ ಇಂಗ್ಲಿಷ್ ಇರುವುದಿಲ್ಲ. ಎಲ್ಲೆ ಮೀರಿ ಮಾತಾಡಿದ ಅನ್ನುತ್ತೇವೆ, ಬಾರ್ಡರ್ ಮೀರಿ ಮಾತಾಡಿದ ಅಂದವರನ್ನು ನಾನು ಕಂಡಿಲ್ಲ. ಬಾರ್ಡರ್ ದಾಟುವುದು ಲಾರಿ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ್ದನ್ನು ಪತ್ರಿಕೆಗಳು ಇವತ್ತಿಗೂ ಗಡಿ ಸಮಸ್ಯೆ ಎಂದೇ ಬರೆಯುತ್ತವೆ. ಆ ಗಡಿಯ ತಲಪಾಡಿಯಲ್ಲಿ ಬಸ್ಸಿಳಿಯುವವರಿಗೆ ಮಾತ್ರ ಅದು ಬಾರ್ಡರ್. ನಾವೇ ಕಾದು, ಕಾದಾಡಿ ಉಳಿಸಿಕೊಂಡ ಅಂಚಿಗೆ ಕನ್ನಡ. ಬೇರೆ ಯಾರೋ ಅಳೆದು ಕಾಗದದ ಮೇಲೆ ಬರೆದುಕೊಟ್ಟದ್ದಕ್ಕೆ ಬಾರ್ಡರ್. ಸಕ್ಕರೆಗೂ ಸೈ, ಮಾರ್ಕಿಗೂ ಸೈ.

ಅಂಚಿನ ಕೆಲಸ ನೋಡಬೇಕೆಂದರೆ ನಮ್ಮೂರಿನಿಂದ ಹಳೇಬೀಡಿನ ಹೊಯ್ಸಳೇಶ್ವರಕ್ಕೆ ನಡೆದೇ ಹೋಗಬಹುದು. ಗುಡಿಯ ಬುಡಕ್ಕೆ ಒಂದರ ಮೇಲೊಂದು ಪಟ್ಟಿಕೆ: ಆನೆ, ಸಿಂಹ, ಬಳ್ಳಿ, ಕುದುರೆ ಸವಾರರು, ಪುರಾಣದ ಕಥೆ, ಮಕರ, ತುದಿಯಲ್ಲಿ ಹಂಸಗಳು. ಹಂಸಕ್ಕೆ ಹಳೆಯ ಕನ್ನಡದಲ್ಲಿ ಅಂಚೆ ಎಂಬ ಹೆಸರೂ ಇದೆ, ಹೀಗಾಗಿ ಅಂಚಿನಲ್ಲಿ ಅಂಚೆ! ಗುಡಿ ಉಟ್ಟ ದೊಡ್ಡ ಬಾರ್ಡರಿನ ಸೀರೆ ಅದು. ಬಸ್ತಿಹಳ್ಳಿಯ ಪಾರ್ಶ್ವನಾಥ ಬಸದಿಗೆ ಆ ಒಡವೆಯೇ ಇಲ್ಲ. ವಿಷ್ಣುವರ್ಧನನ ದಂಡನಾಯಕ ಗಂಗರಾಜ ತೀರಿಕೊಂಡ ಮೇಲೆ ಅವನ ನೆನಪಿಗೆ ಮಗ ಬೊಪ್ಪ 1133ರಲ್ಲಿ ಕಟ್ಟಿಸಿದ್ದು, ಹೊರಗೋಡೆ ಸಾದಾ. ಪ್ರವಾಸಿಗರು ಹೊರಗೇ ನೋಡಿ ತಿರುಗಿಬಿಡುತ್ತಾರೆ, ಅವರಿಗೇ ನಷ್ಟ. ಒಳಗೆ ತಿರುಗಣಿಯಲ್ಲಿ ತಿರುಗಿಸಿ ನಯ ಮಾಡಿದ ಕರಿಕಲ್ಲಿನ ಕಂಬಗಳಿವೆ. ಹತ್ತಿರ ನಿಂತರೆ ಮುಖ ಸಪೂರವಾಗಿ, ಉದ್ದಕ್ಕೆ ಎಳೆದಂತೆ ಮೂಡುತ್ತದೆ. ಸ್ವಲ್ಪ ಸರಿದರೆ ಮುಖವೂ ಸರಿದು ಕಂಬದ ದುಂಡಿನಲ್ಲಿ ಕರಗುತ್ತದೆ. ಕಿವಿ ಎಲ್ಲಿ ಮುಗಿಯಿತು, ಕಲ್ಲು ಎಲ್ಲಿ ಶುರುವಾಯಿತು ಹೇಳಲಾಗದು.

ಹಿಂದೆ ಬಸದಿಗೆ ಬಿಟ್ಟ ಜಮೀನಿನ ಎಲ್ಲೆಗೆ ಮುಕ್ಕೊಡೆ, ಅಂದರೆ ಒಂದರ ಮೇಲೊಂದು ಮೂರು ಕೊಡೆ, ಕೆತ್ತಿದ ಕಲ್ಲು ನೆಡುತ್ತಿದ್ದರು. ಈಗಿನ ಎಲ್ಲೆಗೆ ಟೇಪು. ಬಸದಿಯಂಥ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸದಾಗಿ ಕಟ್ಟುವಂತಿಲ್ಲ, ಅದರಾಚೆಯ 200 ಮೀಟರಿನಲ್ಲಿ ಅನುಮತಿ ಬೇಕು ಎನ್ನುತ್ತದೆ 2010ರಲ್ಲಿ ತಿದ್ದಿದ ಕಾನೂನು. ದೊಡ್ಡಮ್ಮನಿಗೆ ಹಿತ್ತಲಲ್ಲಿ ಒಂದು ಬಚ್ಚಲುಮನೆ ಕಟ್ಟಿಸುವ ಆಸೆ. ಟೇಪಿನ ಅಳತೆ ಎಲ್ಲಿಗೆ ಬಂತು ಅಂತ ಕೇಳಿದೆ.

"ಕೊಟ್ಟಿಗೆ ಒಳಗಡೀಕೆ ಬಂತು ಕಣಪ್ಪ," ಅಂದರು, ಲೋಟದ ತಳದ ಸಕ್ಕರೆಯನ್ನು ಬೆರಳಲ್ಲಿ ಬಳಿಯುತ್ತ. "ಬಚ್ಲು ಬಾರ್ಡರಲ್ಲೈತೆ."