ಎರಡು ಕಣ್ಣಿನ ಬಂದೂಕು

ಹೋದ ತಿಂಗಳು ನನಗೂ ಬೈಫೋಕಲ್ ಕನ್ನಡಕ ಬಂತು. ಮೇಲಿನಿಂದ ದೂರದ್ದು, ಕೆಳಗಿನಿಂದ ಚೆಕ್ಕಿನ ಮೇಲಿನ ಸಹಿ. ಇದನ್ನು ಹಾಕಿಕೊಂಡು ಮೆಟ್ಟಿಲು ಇಳಿಯುವ ಕಷ್ಟ ಹಾಕಿಕೊಂಡವರಿಗೇ ಗೊತ್ತು! ಪುಣೆಯ ನಮ್ಮ ಬ್ರಾಂಚಿನ ಗಾರ್ಡ್ ಬೆಳಗಾವಿ ಕಡೆಯವರು, ಸೈನ್ಯದಿಂದ ನಿವೃತ್ತರಾದ ಹವಾಲ್ದಾರರು. ನನ್ನ ಪರದಾಟ ನೋಡಿ ನಕ್ಕು, "ಸಾಹೇಬ್ರ, ನಮ್ಮ ಡ್ರಾಗುನೋವ್ ರೈಫಲ್ಲಿನಾಗೂ ಹಿಂಗ ಇತ್ರೀ" ಅಂದರು. ಅಲ್ಲಿಂದ ಶುರುವಾಯಿತು ನೋಡಿ ನನ್ನ ಓದು.

ರೈಫಲ್ಲಿನ ಮೇಲೆ ದುರ್ಬೀನು, ಅಂದರೆ ಸ್ಕೋಪ್, ಕೂರಿಸಿದರೆ ದೂರದವನು ಹತ್ತಿರ ಕಾಣುತ್ತಾನೆ. ಆದರೆ ಹತ್ತು ಹೆಜ್ಜೆಯಲ್ಲಿ ನಿಂತವನು? ಅವನ ಅಂಗಿಯ ಒಂದು ತುಂಡು ಮಸುಕಾಗಿ ಕಂಡರೆ ಪುಣ್ಯ. ಮೇಲಾಗಿ ಸ್ಕೋಪು ನಳಿಗೆಗಿಂತ ಎತ್ತರದಲ್ಲಿರುವುದರಿಂದ ತೀರಾ ಹತ್ತಿರಕ್ಕೆ ಹೊಡೆದ ಗುಂಡು ಗುರಿಗಿಂತ ಕೆಳಗೆ ಬೀಳುತ್ತದೆ.

ಈ ತಲೆನೋವು ಮೊದಲ ಮಹಾಯುದ್ಧದಷ್ಟು ಹಳೆಯದು. 1914ರಲ್ಲಿ ಜರ್ಮನರು ತಮ್ಮ ಬೇಟೆಗಾರರ ಸ್ಕೋಪಿನ ರೈಫಲ್ಲುಗಳನ್ನೂ ಕಂದಕಕ್ಕೆ ತಂದರು. ಬ್ರಿಟಿಷರ ಲೀ-ಎನ್‌ಫೀಲ್ಡಿಗೆ ಮೇಲಿನಿಂದ, ಐದೈದು ಗುಂಡಿನ ಕ್ಲಿಪ್ ಒತ್ತಿ ತುಂಬಬೇಕು. ಸ್ಕೋಪು ನಡುವೆ ಕೂತರೆ ಕ್ಲಿಪ್ ಇಳಿಯುವುದಿಲ್ಲ, ಮಾಮೂಲಿ ಕಬ್ಬಿಣದ ಸೈಟೂ ಕಾಣುವುದಿಲ್ಲ. ಸರಿ, ಸ್ಕೋಪನ್ನು ಎಡಕ್ಕೆ ಸರಿಸಿ ಬಿಗಿದರು. ಹೆಡ್ ಆಫೀಸಿನ ಸರ್ಕ್ಯುಲರ್ ಥರ, ಕಾಗದದ ಮೇಲೆ ಒಂದು ತಪ್ಪಿಲ್ಲ :-)

ಕಂದಕದಲ್ಲಿ ಏನಾಯಿತು? ಸೈನಿಕ ಹೊಡೆಯುವುದು ಉಕ್ಕಿನ ತಗಡಿನ ಸಣ್ಣ ಕಿಂಡಿಯಿಂದ. ನಳಿಗೆ ಕಿಂಡಿಯೊಳಗೆ, ಎಡಗಡೆಯ ಸ್ಕೋಪಿನ ಮುಂದೆ ತಗಡು! ಕೆನ್ನೆ ಬಂದೂಕಿನ ಹಿಡಿಗೆ ತಾಗುವುದಿಲ್ಲ, ಕತ್ತು ಓರೆ. ಬೇಟೆಗಾರನೂ ಕ್ರಿಕೆಟಿಗನೂ ಆಗಿದ್ದ ಹೆಸ್ಕೆತ್-ಪ್ರಿಚರ್ಡ್ ಎಂಬ ಅಧಿಕಾರಿ 1916ರಲ್ಲಿ ಫ್ರಾನ್ಸಿನಲ್ಲಿ ಸ್ನೈಪರ್ ಶಾಲೆ ತೆರೆದಾತ. ಈ ಎಡದ ಸ್ಕೋಪನ್ನು ಆತ ಕಟುವಾಗಿ ಟೀಕಿಸಿದ. ನಳಿಗೆಯ ಮೇಲೇ ಸ್ಕೋಪಿರುವ ಹೊಸ ರೈಫಲ್ಲಿಗೆ ಒಪ್ಪಿಗೆ ಬಂದದ್ದು 1918ರಲ್ಲಿ. ಆ ವರ್ಷವೇ ಯುದ್ಧ ಮುಗಿಯಿತು.

ರಷ್ಯನ್ನರು ಬೇರೆ ದಾರಿ ಹಿಡಿದರು. 1942ರಿಂದ ಮೊಸಿನ್ ರೈಫಲ್ಲಿಗೆ ಹಾಕಿದ ಮೂರೂವರೆ ಪಟ್ಟಿನ 'ಪಿಯು' ಸ್ಕೋಪಿನ ಬ್ರಾಕೆಟ್ಟು ಎಡಗಡೆಯಿಂದ ಎದ್ದು ನಳಿಗೆಯ ಮೇಲೆ ಬಾಗುತ್ತದೆ. ಸ್ಕೋಪಿನ ಅಡಿಯ ಸಂದಿಯಲ್ಲಿ ಕಬ್ಬಿಣದ ಸೈಟು ಕಾಣುತ್ತದೆ. ಮನೆಯಿಂದ ಮನೆಗೆ ನಡೆಯುವ ಕಾಳಗದಲ್ಲಿ ಆ ಸಂದಿಯೇ ಜೀವ. ಕ್ಲಿಪ್ ಮಾತ್ರ ಇಲ್ಲೂ ಇಳಿಯದು, ಗುಂಡನ್ನು ಒಂದೊಂದಾಗಿ ತುಂಬಬೇಕು. (ಚಳಿಗಾಲದ ಯುದ್ಧದಲ್ಲಿ ಹೆಸರು ಮಾಡಿದ ಫಿನ್ಲೆಂಡಿನ ಸಿಮೋ ಹೈಹಾ ಸ್ಕೋಪನ್ನೇ ಬಳಸಲಿಲ್ಲ. ಸ್ಕೋಪಿಗಾಗಿ ತಲೆ ಎತ್ತಿದರೆ ಶತ್ರುವಿಗೆ ಕಾಣುತ್ತದಲ್ಲ!)

1963ರ ಡ್ರಾಗುನೋವ್‌ನಲ್ಲಿ ಗಂಟು ಬಿಚ್ಚಿತು. ಹತ್ತು ಗುಂಡಿನ ಮ್ಯಾಗಜಿನ್ ಕೆಳಗಿನಿಂದ ಸೇರುತ್ತದೆ, ನಾಲ್ಕು ಪಟ್ಟಿನ ಸ್ಕೋಪು ಪಕ್ಕದ ಬ್ರಾಕೆಟ್ಟಿನಲ್ಲಿ, ಅದರಡಿ ಕಬ್ಬಿಣದ ಸೈಟು. ಥೇಟ್ ನನ್ನ ಕನ್ನಡಕ.

ಬ್ರಿಟಿಷರು 1980ರ ದಶಕದಲ್ಲಿ ಇದನ್ನು ತಲೆಕೆಳಗು ಮಾಡಿ, 'ಸುಸಾಟ್' ಸ್ಕೋಪಿನ ನೆತ್ತಿಯ ಮೇಲೆ ಹತ್ತಿರದ ಸೈಟು ಇಟ್ಟರು. ಈಗ ಆ ಜಾಗದಲ್ಲಿ ಕೆಂಪು ಚುಕ್ಕೆಯ ಪುಟ್ಟ ಗಾಜು. ಅದನ್ನು ನೋಡಲು ಗದ್ದ ಎತ್ತಬೇಕು, ಕೆನ್ನೆ ಆಧಾರ ತಪ್ಪುತ್ತದೆ. ಅದಕ್ಕೇ ಕೆಲವರು ಅದನ್ನು 45 ಡಿಗ್ರಿ ಓರೆಯಾಗಿ ಪಕ್ಕಕ್ಕೆ ಬಿಗಿಯುತ್ತಾರೆ. ಮಣಿಕಟ್ಟು ತಿರುಗಿಸಿ ಬಂದೂಕನ್ನು ವಾಲಿಸಿದರೆ ಸಾಕು. ಆಗ ದೂರದ ಗಾಜು ಪಕ್ಕಕ್ಕೆ ಹೋಗಿತ್ತು, ಈಗ ಹತ್ತಿರದ್ದು!

ಮೊನ್ನೆ ಚಹಾ ಹೊತ್ತಿಗೆ ಹವಾಲ್ದಾರರಿಗೆ ಇದನ್ನೆಲ್ಲ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಕಾಶ್ಮೀರದಾಗ ಒಂದ್ಸಲ ಸ್ಕೋಪಿನಾಗ ಎದುರಿನ ಗುಡ್ಡ ನೋಡಾಕತ್ತಿದ್ದೆ. ಬಾಜೂದ ದನದ ಕೊಟ್ಟಿಗಿ ಬಾಗಲಾ ತಗದು ಒಬ್ಬಾವ ಹೊರಗ ಬಂದ. ಕಣ್ಣು ಕೆಳಗ ಇಳಿಸಾಕ ಎಷ್ಟು ಹೊತ್ತು ಹಿಡೀತು ಅಂತ ಈಗೂ ನೆನಪೈತ್ರೀ."

ಮುಂದೇನಾಯಿತು ಅಂತ ನಾನು ಕೇಳಲಿಲ್ಲ. ಅವರ ಹೆಗಲಲ್ಲಿದ್ದ ಬ್ಯಾಂಕಿನ ಜೋಡುನಳಿಗೆ ತೋರಿಸಿ, "ಇದಕ್ಕೆ?" ಅಂದೆ.

"ತುದಿಯಾಗ ಒಂದು ಮಣಿ ಐತಲ್ರೀ. ಬಾಗಲದಿಂದ ಕೌಂಟರಿಗೆ ಮೂವತ್ತು ಫೂಟು. ಅಷ್ಟ ಸಾಕು."